ನೆಗೆಣ್ಣಿ ಮನೆಯಿಂದ ಬಂದ ಅಪ್‌ಡೇಟು

ಹೊಟ್ಟೆಕಿಚ್ಚು ಇಲ್ಲದ ಮನುಷ್ಯರನ್ನು ನಾನು ನೋಡಿಲ್ಲ. ಇಲ್ಲ ಅಂತ ಹೇಳುವವರನ್ನು ನೋಡಿದ್ದೇನೆ. ಹಾಗೆ ಹೇಳಿ ಮುಗಿಸುವ ತನಕ ಅವರ ಕಣ್ಣು ಎದುರಿಗಿದ್ದವಳ ಕಿವಿಯೋಲೆಯ ಮೇಲೇ ಇರುತ್ತದೆ. ನನಗೆ ಹೊಟ್ಟೆಕಿಚ್ಚಿದೆ. ಹುಡುಗಿಯಾಗಿದ್ದಾಗ ಓಣಿಯ ಹುಡುಗಿಯರ ಜಡೆಯ ಮೇಲಿತ್ತು, ಮದುವೆಯಾದ ಮೇಲೆ ಬೇರೆಯವರ ಸೀರೆಯ ಮೇಲೆ ಬಂತು, ಮಕ್ಕಳಾದ ಮೇಲೆ ಬೇರೆಯವರ ಎಮ್ಮೆಯ ಮೇಲೆ ಹೋಯಿತು. ವಯಸ್ಸಾದರೆ ಇದೆಲ್ಲ ಕಡಿಮೆಯಾಗುತ್ತದೆ ಎಂದು ಹಲಕುಂದಿ ಮಠದಲ್ಲಿ ಪಕ್ಕ ಕುಳಿತ ಯಾವಳೋ ಮುದುಕಿ ನನಗೆ ಹೇಳಿದ್ದಳು. ಕಣ್ಣು ಕಡಿಮೆಯಾಯಿತು, ಕಿವಿ ಕಡಿಮೆಯಾಯಿತು, ಮೊಣಕಾಲಂತೂ ಕೇಳಲೇಬೇಡಿ. ಇದೊಂದು ಮಾತ್ರ ಹಾಗೇ ಉಳಿಯಿತು. ಈಗ ಈ ವಯಸ್ಸಿನಲ್ಲಿ ನನ್ನ ಹೊಟ್ಟೆಕಿಚ್ಚು ಹೋಗಿ ಕುಳಿತಿರುವ ಜಾಗ ಕೇಳಿದರೆ ನೀವು ನಗುತ್ತೀರಿ. ಸಿರುಗುಪ್ಪದಲ್ಲಿರುವ ನನ್ನ ನೆಗೆಣ್ಣಿಯ ಮನೆಗೆ ಬಂದಿರುವ ನೆಟ್ಟಿನ ತಂತಿಯ ಮೇಲೆ.

ನೆಗೆಣ್ಣಿ ಎಂದರೆ ನನ್ನ ಗಂಡನ ತಮ್ಮನ ಹೆಂಡತಿ, ಪಂಪಮ್ಮ. ಮೊದಲು ನಾವೆಲ್ಲ ಕುರುಗೋಡಿನ ಒಂದೇ ಮನೆಯಲ್ಲಿದ್ದೆವು. ಒಂದೇ ಒಲೆ, ಒಬ್ಬಳೇ ಅತ್ತೆ. ನಾನು ರೊಟ್ಟಿ ಬಡಿದು ಹಾಕಿದರೆ ನಮ್ಮತ್ತೆ ತಿಂದು ಕೈ ತೊಳೆಯುತ್ತಿದ್ದಳು. ಪಂಪಮ್ಮ ಬಡಿದರೆ ತಿಂದು, ‘ಇನ್ನೊಂದು ಹಾಕು’ ಅನ್ನುತ್ತಿದ್ದಳು. ನಮ್ಮತ್ತೆಗೆ ಹೊಗಳಿ ಗೊತ್ತಿರಲಿಲ್ಲ, ಆ ‘ಇನ್ನೊಂದು’ ಅನ್ನುವುದೇ ಅವಳ ಹೊಗಳಿಕೆ. ಅದೇ ಹಿಟ್ಟು, ಅದೇ ಹಂಚು, ಅದೇ ಬೆಂಕಿ. ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಮೇಲೆ ಮೈದುನ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಕೆಲಸ ಹಿಡಿದ, ಕಾಲುವೆ ನೀರಿನ ಜಮೀನು ಮಾಡಿದ, ಪಂಪಮ್ಮ ಅಲ್ಲಿಗೆ ಹೋದಳು. ಹೋದ ಮೇಲೆ ಅವಳ ಮನೆಯಲ್ಲಿ ಎಲ್ಲವೂ ಓಡುವುದಕ್ಕೆ ಶುರುವಾಯಿತು. ಹೊಲದಲ್ಲಿ ನೀರು ಓಡಿತು, ನಲ್ಲಿಯಲ್ಲಿ ನೀರು ಓಡಿತು, ಈಗ ತಂತಿಯಲ್ಲಿ ನೆಟ್ಟು ಓಡುತ್ತಿದೆ. ಇಷ್ಟಿದ್ದೂ ಅವಳು ಜಂಬ ಮಾಡುವುದಿಲ್ಲ. ಜಂಬ ಮಾಡಿದ್ದರೆ ಬೈದು ಹಗುರಾಗುತ್ತಿದ್ದೆ. ‘ಅಕ್ಕಾ, ಬಾ, ಉಣ್ಣು’ ಎಂದು ಕರೆಯುವವಳನ್ನು ಬೈಯುವುದು ಹೇಗೆ? ಅವಳ ಮೇಲೆ ನನಗಿರುವ ದೊಡ್ಡ ಸಿಟ್ಟೇ ಇದು.

ನನ್ನ ಮಗ ಬಳ್ಳಾರಿಯ ಜೀನ್ಸ್ ಪ್ಯಾಂಟಿನ ಘಟಕದಲ್ಲಿ ಬಟ್ಟೆ ಕತ್ತರಿಸುತ್ತಾನೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾನೆ, ನೀಲಿ ಧೂಳು ಹೊತ್ತುಕೊಂಡು. ಸೊಸೆ ರೇಣುಕಾ ರಾರಾವಿಯ ಹುಡುಗಿ, ಡಿಗ್ರಿ ಓದಿದವಳು. ಅವಳೂ ಅದೇ ಘಟಕಕ್ಕೆ ಹೊಲಿಗೆಗೆ ಹೋಗುತ್ತಿದ್ದಳು. ಬಿಟ್ಟು ಬಂದು ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ಹಾಕಿದಳು. ಜೆರಾಕ್ಸು, ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಪಿಂಚಣಿಯ ಅರ್ಜಿ, ಬೆಳೆ ವಿಮೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು. ಅಂಗಡಿ ನಡೆದರೆ ಅವಳು ಕುರ್ಚಿಯಲ್ಲಿ ಕೂರುತ್ತಾಳೆ, ನಡೆಯದಿದ್ದರೆ ಮತ್ತೆ ಬಳ್ಳಾರಿಯ ಬಸ್ಸು ಹತ್ತಬೇಕು. ಇದು ಅವಳಿಗೂ ಗೊತ್ತು, ನನಗೂ ಗೊತ್ತು. ಬಾಗಿಲ ಹತ್ತಿರದ ಸ್ಟೂಲು ನನ್ನದು. ಬಂದವರಿಗೆ ‘ಆಧಾರ್ ಕಾರ್ಡ್ ತಂದೀರಿಲ್ಲೋ’ ಎಂದು ಕೇಳುವುದು ನನ್ನ ಕೆಲಸ. ನಾನು ಓದಿದ್ದು ಮೂರನೇ ಕ್ಲಾಸು. ಬಸ್ಸಿನ ಬೋರ್ಡು ಓದುತ್ತೇನೆ, ಅದೂ ಬಸ್ಸು ನಿಂತಿದ್ದರೆ. ಆದರೆ ಆಧಾರ್ ಕಾರ್ಡ್ ತರದವರನ್ನು ವಾಪಸ್ ಕಳಿಸುವುದಕ್ಕೆ ಓದು ಯಾಕೆ ಬೇಕು?

ಒಂದು ದಿನ ಕಂಪ್ಯೂಟರಿನ ಮೇಲೆ ಉಂಗುರದಂಥದ್ದೊಂದು ತಿರುಗುತ್ತಾ ನಿಂತಿತು. ಬಂದವರು ಅದನ್ನೇ ನೋಡುತ್ತಾ ಕುಳಿತರು. ನಾನೂ ನೋಡಿದೆ. ತಲೆ ತಿರುಗಿತೇ ಹೊರತು ಅದು ನಿಲ್ಲಲಿಲ್ಲ. ಏನಿದು ಎಂದು ರೇಣುಕಾಳನ್ನು ಕೇಳಿದೆ.

“ಅಪ್‌ಡೇಟ್ ಬಂದೈತಿ ಅತ್ತಿ. ಆಪರೇಟಿಂಗ್ ಸಿಸ್ಟಮ್ಮಿಂದು.”

“ಹಂಗಂದ್ರ?”

“ಮನ್ಯಾಗ ಯಜಮಾನ್ತಿ ಇರ್ತಾಳಲ್ರಿ, ಹಂಗ. ಯಾರು ಒಳಗ ಬರ್ಬೇಕು, ಯಾವ ಸಾಮಾನು ಎಲ್ಲಿರ್ಬೇಕು, ಎಲ್ಲಾ ಆಕಿನ ಹೇಳ್ತಾಳ.”

“ಅಂದ್ರ ನಾನಾ?”

“ಹೂಂ ಅತ್ತಿ. ಆದ್ರ ಆಕಿ ತಿಂಗಳಿಗೊಮ್ಮೆ ಹೊಸಾದು ಕಲೀತಾಳ.”

ಈ ಮಾತಿಗೆ ಏನು ಹೇಳಬೇಕೆಂದು ನನಗೆ ಇನ್ನೂ ಹೊಳೆದಿಲ್ಲ. ಹೊಳೆದ ದಿನ ಹೇಳುತ್ತೇನೆ.

ನಮ್ಮ ಓಣಿಯ ಹಿಂದೆಯೇ ಕಲ್ಲಿನ ಗುಡ್ಡ. ಅದನ್ನು ದಾಟಿ ನಮ್ಮ ಮನೆಗೆ ಮೊಬೈಲಿನ ನೆಟ್ಟು ಬರುವುದೆಂದರೆ ಮುದುಕಿ ಗುಡ್ಡ ಹತ್ತಿದ ಹಾಗೆ, ಬರುತ್ತದೆ, ಆದರೆ ಎಲ್ಲೆಲ್ಲಿ ಕೂತು ಬರುತ್ತದೋ ಗೊತ್ತಿಲ್ಲ. ಅಷ್ಟು ಸಾಲದ್ದಕ್ಕೆ ದಿನಕ್ಕೆ ಇಷ್ಟೇ ನೆಟ್ಟು ಎಂದು ಅಳತೆ. ಅಪ್‌ಡೇಟು ಅರ್ಧ ಇಳಿಯುವಷ್ಟರಲ್ಲಿ ಆ ದಿನದ್ದು ಮುಗಿಯುತ್ತದೆ. ಮಾರನೆಯ ದಿನ ನೋಡಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡಿರುತ್ತದೆ. ಕಂಪ್ಯೂಟರ್ ಎರಡಿರುವುದರಿಂದ ಈ ರಗಳೆಯೂ ಎರಡು. ಕೊನೆಗೆ ರೇಣುಕಾ ಒಂದು ಉಪಾಯ ಹೇಳಿದಳು. ನೆಟ್ಟು ಚೆನ್ನಾಗಿರುವ ಕಡೆ ಹೋಗಿ ಅಪ್‌ಡೇಟನ್ನು ಒಂದು ಡಬ್ಬಿಯಲ್ಲಿ ಇಳಿಸಿಕೊಂಡು ಬಂದರೆ, ಮನೆಯಲ್ಲಿ ನೆಟ್ಟೇ ಇಲ್ಲದಿದ್ದರೂ ಬೇಕಾದಾಗ ಎರಡೂ ಕಂಪ್ಯೂಟರಿಗೆ ಹಾಕಬಹುದಂತೆ. ಇದನ್ನು ಅವಳು ದೊಡ್ಡ ವಿದ್ಯೆಯ ಹಾಗೆ ಹೇಳಿದಳು. ನನಗೆ ನಗು ಬಂತು. ಬಿಸಿಲಿದ್ದಾಗ ಹಪ್ಪಳ, ಶಂಡಿಗೆ ಒಣಗಿಸಿ ಡಬ್ಬಿಗೆ ತುಂಬಿ ಮಳೆಗಾಲದಲ್ಲಿ ಕರಿಯುವುದು ನಮಗೇನು ಹೊಸದೇ? ಹಪ್ಪಳ ಒಣಗಲಿ ಎಂದು ನಾವು ಮಳೆಯಲ್ಲಿ ಕೂತು ಉಂಗುರ ನೋಡುತ್ತಿರಲಿಲ್ಲ. ‘ಹಂಗಾದ್ರ ಎಲ್ಲಿ ಬಿಸಿಲೈತೋ ಅಲ್ಲಿ ಹೋಗಿ ಒಣಗಿಸ್ಕೊಂಡು ಬಾ’ ಅಂದೆ. ಅವಳು ಕೇಳಿದ ಬಿಸಿಲು ಪಂಪಮ್ಮನ ಮಾಳಿಗೆಯ ಮೇಲಿದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಬೆಳಿಗ್ಗೆ ಸಿರುಗುಪ್ಪದ ಬಸ್ಸಿಗೆ ಹೋದವಳು ಸಂಜೆ ಬಂದಳು. ಅಂಗೈಯಗಲದ ಒಂದು ಕರಿ ಡಬ್ಬಿ, ಬಾಲದಂಥ ಒಂದು ವೈರು. ಹಾರ್ಡ್ ಡಿಸ್ಕಂತೆ. ಪಂಪಮ್ಮನ ಮಗಳು ಕಾಲೇಜಿಗೆ ಹೋಗುವಾಗಿನದು. ಅದನ್ನು ಚುಚ್ಚಿ, ನೆಟ್ಟಿನ ಹಂಗಿಲ್ಲದೆ ಎರಡೂ ಕಂಪ್ಯೂಟರನ್ನು ಸರಿ ಮಾಡಿದಳು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು.

“ಸಣ್ಣತ್ತಿ ಮನ್ಯಾಗ ನೆಟ್ ಏನ್ ಓಡ್ತೈತಿ ಅತ್ತಿ. ಊಟ ಮುಗಿಸೋದ್ರಾಗ ಎಲ್ಲಾ ಇಳಿದು ಕುಂತಿತ್ತು.”

“ಏನ್ ಉಂಡಿ?”

“ಬದನಿಕಾಯಿ ಪಲ್ಯ, ಅನ್ನ, ಸಾರು. ಅನ್ನ ಅಂತೂ ಮಲ್ಲಿಗಿ ಮೊಗ್ಗು.”

“ಎಷ್ಟು ಸರ್ತಿ ಹಾಕಿಸ್ಕೊಂಡಿ?”

“ಅದನ್ಯಾಕ ಕೇಳ್ತೀರಿ, ಸಣ್ಣತ್ತಿ ಬಿಟ್ರ ತಾನ? ಇನ್ನೊಂದಿಷ್ಟು, ಇನ್ನೊಂದಿಷ್ಟು ಅಂತ.”

ಅಲ್ಲಿಗೆ ನನ್ನ ಹೊಟ್ಟೆಯಲ್ಲಿ ಹಳೆಯ ಒಲೆ ಹೊತ್ತಿಕೊಂಡಿತು. ನಮ್ಮತ್ತೆಯಂತೂ ಅವಳ ಪಾಲಾಗಿದ್ದಳು. ಈಗ ಸೊಸೆಯೂ ಹೋಗುತ್ತಾಳೆ. ತಿಂಗಳಿಗೊಮ್ಮೆ ಅಪ್‌ಡೇಟು ಬರುತ್ತದೆ ಎಂದರೆ ತಿಂಗಳಿಗೊಮ್ಮೆ ಆ ಪಲ್ಯ, ಆ ಅನ್ನ, ಆ ‘ಇನ್ನೊಂದಿಷ್ಟು’. ನೆಟ್ಟು ಕೊಟ್ಟು ಹುಡುಗಿಯನ್ನು ಇಳಿಸಿಕೊಳ್ಳುತ್ತಿದ್ದಾಳೆ ಅನ್ನಿಸಿತು.

ಹೀಗಾಗಿ ಮುಂದಿನ ತಿಂಗಳು ನಾನೇ ರೇಣುಕಾಳನ್ನು ಬಳ್ಳಾರಿಗೆ ಕರೆದುಕೊಂಡು ಹೋದೆ. ಮೊಣಕಾಲು ತೋರಿಸುವ ನೆಪ. ಬಳ್ಳಾರಿಯೆಂದರೆ ಜಿಲ್ಲೆ, ಅಲ್ಲಿ ಇಲ್ಲದ ನೆಟ್ಟು ಸಿರುಗುಪ್ಪದಲ್ಲಿದೆಯೇ? ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ನೆಟ್ ಸೆಂಟರಿಗೆ ಹೋಗಿ ಡಬ್ಬಿ ಮುಂದಿಟ್ಟೆವು. ಅಂಗಡಿಯವನು ಅದನ್ನು ಮುಟ್ಟಲಿಲ್ಲ.

“ಕುದರದಮ್ಮಾ. ಬ್ಯಾರೇರ ಡಿಸ್ಕ್ ನಾವು ಹಾಕಲ್ಲ. ವೈರಸ್ ಇರ್ತೈತಿ.”

“ಏನಿರ್ತೈತಿ?”

“ರೋಗ ಇರ್ತೈತಮ್ಮಾ.”

“ನಮ್ಮ ಮನಿ ಡಬ್ಬಿಗೆ ರೋಗ ಅಂತೀಯೇನು? ನಮ್ಮ ಮನ್ಯಾಗ ಮಡಿ ನೋಡಬಾ ಒಂದ್ಸರ್ತಿ.”

ರೇಣುಕಾ ನನ್ನ ಸೆರಗು ಎಳೆದು ಹೊರಗೆ ತಂದಳು. ಡಬ್ಬಿ ನಿಜಕ್ಕೂ ಪಂಪಮ್ಮನದು. ಆ ಹೊತ್ತಿಗೆ ನನಗೆ ಅದು ನೆನಪಾಗಲಿಲ್ಲ. ನೆನಪಾಗಿದ್ದರೆ ಅವನ ಮಾತನ್ನು ಅರ್ಧ ಒಪ್ಪಿಕೊಳ್ಳುತ್ತಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ರೇಣುಕಾ ಕಿಟಕಿಯ ಕಡೆ ತಿರುಗಿ ಕುಳಿತಳು. ಮೊಣಕಾಲು ತೋರಿಸುವುದು ಮರೆತೇ ಹೋಗಿತ್ತು, ಅದೂ ನೋಯುತ್ತಿತ್ತು. ಎರಡು ದಿನ ಬಿಟ್ಟು ಅವಳು ಮಾತಿಲ್ಲದೆ ಸಿರುಗುಪ್ಪಕ್ಕೆ ಹೋಗಿ ಬಂದಳು.

ಈ ಸಲ ಡಬ್ಬಿ ವಾಪಸ್ ಬೇಕು ಎಂದು ಪಂಪಮ್ಮ ಹೇಳಿ ಕಳಿಸಿದ್ದಳು. ಅಪ್‌ಡೇಟು ಹಾಕಿ ಮುಗಿದ ಮೇಲೆ ರೇಣುಕಾ ಡಬ್ಬಿಯೊಳಗಿನದನ್ನೆಲ್ಲ ಅಳಿಸಿ, ಖಾಲಿ ಮಾಡಿ, ಚೀಲಕ್ಕೆ ಹಾಕುತ್ತಿದ್ದಳು. ನಾನು ಕೈ ಹಿಡಿದೆ. ಬೇರೆಯವರ ಮನೆಯಿಂದ ಏನಾದರೂ ತುಂಬಿಕೊಂಡು ಬಂದ ಡಬ್ಬಿಯನ್ನು ನಮ್ಮ ಮನೆಯಿಂದ ಯಾವತ್ತೂ ಖಾಲಿ ಕಳಿಸಿದ್ದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಅಕ್ಕಿ, ಒಂದು ತುಂಡು ಬೆಲ್ಲ, ಅದೂ ಇಲ್ಲದಿದ್ದರೆ ಎರಡು ಹಸಿಮೆಣಸಿನಕಾಯಿ ಹಾಕಿಯಾದರೂ ಕಳಿಸಬೇಕು. ಅದರಲ್ಲೂ ಪಂಪಮ್ಮನ ಮನೆಗೆ ಖಾಲಿ ಡಬ್ಬಿ ಹೋದರೆ ನನ್ನ ಮರ್ಯಾದೆ ಏನು?

“ಇದು ಆ ಡಬ್ಬಿ ಅಲ್ರಿ ಅತ್ತಿ.”

“ತುಂಬಿ ಬಂದಿತ್ತಿಲ್ಲೋ?”

“ಬಂದಿತ್ತು.”

“ನಾವು ಅದನ್ನ ಬಳಸ್ಕೊಂಡ್ವಿಲ್ಲೋ?”

“ಬಳಸ್ಕೊಂಡ್ವಿ.”

“ಹಂಗಾದ್ರ ಅದು ಆ ಡಬ್ಬಿನ. ಏನರ ಹಾಕು.”

ಅವಳು ಡಬ್ಬಿಯನ್ನು ಚೀಲದಿಂದ ಮತ್ತೆ ಹೊರಗೆ ತೆಗೆದಳು. ಆಮೇಲೆ ವೀಡಿಯೋ ಹಾಕಬಹುದು ಅಂದಳು. ಅಂದದ್ದೇ ತಡ, ನಾನು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದೆ. ಮಾಳಿಗೆಯ ಮೇಲೆ ಒಣಗಿಸಿದ ಕೆಂಪು ಮೆಣಸಿನಕಾಯಿ, ನಾನು ಹಪ್ಪಳ ಹರವುವುದು, ಹೊಸ ಗಾಡ್ರೇಜು, ಅದರ ಕನ್ನಡಿಯಲ್ಲಿ ಮತ್ತೆ ನಾನು, ಎಮ್ಮೆ, ಎಮ್ಮೆಯ ಪಕ್ಕದಲ್ಲಿ ನಾನು. ಎಲ್ಲ ತೆಗೆಸಿದೆ. ಕೊನೆಗೆ, ‘ನಮ್ಮತ್ತಿ ಅಂದ್ರ ಹಿಂಗ ಅಂತ ನೀನೂ ನಾಕು ಮಾತು ಹೇಳು’ ಎಂದು ರೇಣುಕಾಳನ್ನು ಎದುರಿಗೆ ನಿಲ್ಲಿಸಿದೆ. ಅವಳು ಬಹಳ ಯೋಚನೆ ಮಾಡಿ, “ನಮ್ಮತ್ತಿ ಉಪ್ಪಿನಕಾಯಿ ಕೆಡದಂಗ ಹಾಕ್ತಾರ” ಅಂದಳು. ಮತ್ತೇನಾದರೂ ಹೇಳು ಅಂದೆ. “ಭಾಳ ದಿನ ಕೆಡದಂಗ” ಅಂದಳು. ಓದಿದ ಹುಡುಗಿಯರ ಬಾಯಲ್ಲಿ ಮಾತೇ ಇರುವುದಿಲ್ಲ.

ರೇಣುಕಾಳ ಫೋನಿನಲ್ಲಿ ಜಾಗ ಕಡಿಮೆ. ವೀಡಿಯೋ ಡಬ್ಬಿಗೆ ಹೋದ ಕೂಡಲೇ ಅವಳು ಫೋನಿನಿಂದ ಅಳಿಸಿಬಿಡುತ್ತಾಳೆ. ಹಾಗೆ ನನ್ನ ಸಂಸಾರವೆಲ್ಲ ಆ ಕರಿ ಡಬ್ಬಿಯಲ್ಲಿ ಕುಳಿತು ಸಿರುಗುಪ್ಪಕ್ಕೆ ಹೋಯಿತು. ಆದರೆ ಪಂಪಮ್ಮನೂ ಪಳಗಿದ್ದು ಇದೇ ಮನೆಯ ಒಲೆಯ ಮುಂದೆ, ಇದೇ ಅತ್ತೆಯ ಕೈಕೆಳಗೆ. ಮುಂದಿನ ಅಪ್‌ಡೇಟಿನ ಜೊತೆಗೆ ಅವಳ ವೀಡಿಯೋ ಬಂತು. ಕಾಲುವೆ, ಭತ್ತದ ಹೊಲ, ಬಾಗಿಲು ತೆಗೆದರೆ ದೀಪ ಹತ್ತುವ ಫ್ರಿಜ್ಜು. ಅವಳು ಎಲ್ಲೂ ಜಂಬ ಮಾಡಿರಲಿಲ್ಲ, ‘ಅಕ್ಕಾ, ಇದು ನೋಡು, ಇದು ನೋಡು’ ಎಂದು ತೋರಿಸಿದ್ದಳು ಅಷ್ಟೇ. ಫ್ರಿಜ್ಜನ್ನು ಮಾತ್ರ ಎರಡು ಸಲ ತೆಗೆದಳು. ನಾನು ಲೆಕ್ಕಕ್ಕೆ ಇಟ್ಟುಕೊಂಡೆ. ಅದಕ್ಕೆ ಉತ್ತರವಾಗಿ ನಾನು ಗುಡ್ಡ ತೋರಿಸಿದೆ. ಸಿರುಗುಪ್ಪದಲ್ಲಿ ಗುಡ್ಡ ಎಲ್ಲಿದೆ? ಅವಳು ಹೊಳೆ ತೋರಿಸಿದಳು. ನಾನು ಎಮ್ಮೆ ಈದದ್ದನ್ನು ಕಳಿಸಿದೆ, ಕರು ಎದ್ದು ನಿಲ್ಲುವ ತನಕ, ಒಂದು ಕ್ಷಣವೂ ಬಿಡದೆ. ಡಬ್ಬಿ ಈಗ ಖಾಲಿಯಾಗಿ ಹೋಗುತ್ತಲೂ ಇರಲಿಲ್ಲ, ಬರುತ್ತಲೂ ಇರಲಿಲ್ಲ. ಬಂದದ್ದನ್ನು ಅಳಿಸುವುದಕ್ಕೂ ಇಬ್ಬರೂ ಬಿಡಲಿಲ್ಲ. ‘ಅತ್ತಿ, ಸಾಕು ಮಾಡ್ರಿ’ ಎಂದು ರೇಣುಕಾ ಹೇಳಿದ್ದಳು. ಡಬ್ಬಿ ತುಂಬುತ್ತದೆ ಎಂದೂ ಹೇಳಿದ್ದಳು. ನಾನು ಅಲ್ಲಾಡಿಸಿ ನೋಡಿದೆ. ಭಾರವೇನೂ ಆಗಿರಲಿಲ್ಲ.

ಅಷ್ಟರಲ್ಲಿ ಬೆಳೆ ವಿಮೆಯ ಕಡೆಯ ದಿನ ಹತ್ತಿರ ಬಂತು. ಅದೇ ಹೊತ್ತಿಗೆ ನಮ್ಮ ಕಂಪ್ಯೂಟರುಗಳು ಹಳೆಯವಾದವು, ದೊಡ್ಡ ಅಪ್‌ಡೇಟು ಹಾಕದಿದ್ದರೆ ಅರ್ಜಿಯ ಪುಟ ತೆರೆಯುವುದೇ ಇಲ್ಲ ಎಂದಾಯಿತು. ರೈತರು ಬರುತ್ತಿದ್ದರು, ಕೂರುತ್ತಿದ್ದರು, ಎದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಅಂಗಡಿಗೆ ಹೋಗುತ್ತಿದ್ದರು. ಒಮ್ಮೆ ಅಲ್ಲಿಗೆ ಹೋದವರು ಮತ್ತೆ ನಮ್ಮ ಮೆಟ್ಟಿಲು ಹತ್ತುವುದಿಲ್ಲ. ರೇಣುಕಾ ತಿಂಡಿಯನ್ನೂ ತಿನ್ನದೆ ಸಿರುಗುಪ್ಪಕ್ಕೆ ಓಡಿದಳು. ಅಂಗಡಿಯಲ್ಲಿ ನಾನು ಕುಳಿತು, ‘ಸಂಜಿಗೆ ಬರ್ರಿ, ಖಂಡಿತ ಆಗ್ತೈತಿ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ನನ್ನ ಬಟನ್ ಫೋನು ಹೊಡೆದುಕೊಂಡಿತು.

“ಅತ್ತಿ, ಡಬ್ಬ್ಯಾಗ ಜಾಗ ಇಲ್ಲ. ಅಪ್‌ಡೇಟ್ ಹಿಡಿಯವಲ್ದು.”

“ಏನ್ ತುಂಬೈತಿ ಅದರಾಗ?”

“ನೀವು. ಮತ್ತ ಸಣ್ಣತ್ತಿ.”

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

“ಬಸ್ಸಿಗೆ ಹೊತ್ತಾತು ಅತ್ತಿ. ಒಬ್ಬರದು ಅಳಿಸಿದ್ರ ಸಾಕು. ಯಾರದು ಅಳಿಸ್ಲಿ, ಲಗೂನ ಹೇಳ್ರಿ.”

“ಇದೂ ಒಂದು ಕೇಳೋ ಮಾತೇನು? ಆಕೀದು ಅಳಿಸು.”

“ಅತ್ತಿ, ಒಂದು ಮಾತು ಕೇಳ್ರಿ, ಸಣ್ಣತ್ತಿ ಇವತ್ತು…”

“ಏನೂ ಕೇಳಂಗಿಲ್ಲ. ಆ ಫ್ರಿಜ್ಜು, ಆ ಕಾಲುವಿ, ಎಲ್ಲಾ ಬಳದು ಒಗಿ. ಒಂದೂ ಬಿಡಬ್ಯಾಡ.”



“ಅತ್ತಿ, ಸ್ಪೀಕರ್ ಹಾಕೀನಿ” ಅಂದಳು ರೇಣುಕಾ, ಸಣ್ಣ ದನಿಯಲ್ಲಿ.

ಹಿಂದೆಯೇ ಪಂಪಮ್ಮನ ದನಿ ಕೇಳಿತು. ಅವಳ ದನಿ ಮೊದಲಿನ ಹಾಗೇ ಇದೆ, ತಣ್ಣಗೆ. “ಅಕ್ಕ ಹೇಳಿದ್ಲಲ್ಲ ಯವ್ವಾ, ನಂದ ಅಳಿಸು. ಅಕ್ಕಂದು ಇರ್ಲಿ. ಆ ಎಮ್ಮಿ ಈದಿದ್ದು ನಾ ಇನ್ನೂ ಪೂರ್ತಿ ನೋಡಿಲ್ಲ.”

ನೋಡಿ, ಇವಳು ಹೀಗೆ. ನಾನು ಗೆದ್ದು ಫೋನು ಕೆಳಗಿಟ್ಟೆ, ಗೆದ್ದವರ ಮುಖ ನನಗಿರಲಿಲ್ಲ. ದೊಡ್ಡ ಮನಸ್ಸು ತೋರಿಸುವ ಅವಕಾಶ ಮೊದಲು ನನಗೇ ಬಂದಿತ್ತು, ಅದನ್ನೂ ಅವಳೇ ಹೊಡೆದುಕೊಂಡಳು. ಅವಳ ದೊಡ್ಡ ಮನಸ್ಸಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಸಂಜೆ ಬಸ್ಸಿನಲ್ಲಿ ಅಪ್‌ಡೇಟು ಬಂತು. ಬಂದವರು ಅಂಗಡಿಯ ಮುಂದೆ ಕಾಯುತ್ತಲೇ ಇದ್ದರು. ಎರಡು ಕಂಪ್ಯೂಟರೂ ಒಂದು ಸಲ ಕಣ್ಣು ಮುಚ್ಚಿ ತೆಗೆದವು, ಪುಟ ತೆರೆಯಿತು, ಪ್ರಿಂಟರು ಕರಕರ ಅನ್ನತೊಡಗಿತು. ಕೊನೆಯ ರೈತ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದ ಮೇಲೆ ರೇಣುಕಾ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಈ ಕುರ್ಚಿ ಉಳಿಯಿತಲ್ಲ ಎಂದು ನನಗೂ ಸಮಾಧಾನವಾಯಿತು. ಬಿಸಿ ರೊಟ್ಟಿ ಹಾಕಿ ಕೊಟ್ಟೆ. ಅವಳು ತಿನ್ನುತ್ತಾ ತಿನ್ನುತ್ತಾ ಹೇಳಿದಳು.

“ಸಣ್ಣತ್ತಿ ಇವತ್ತು ನನ್ನ ಫೋನಿನ್ಯಾಗ ಒಂದು ಹೊಸಾದು ತೆಗೆಸಿದ್ರು ಅತ್ತಿ. ನಿಮಗ ತೋರಿಸು ಅಂತ. ಅದೂ ಹೋತು.”

“ಏನದು, ವಾಷಿಂಗ್ ಮಷೀನಾ?”

“ಅಲ್ಲ. ಬರೇ ಕುಂತು ಮಾತಾಡಿದ್ರು.”

“ಏನಂದ್ಲು?”

“ನಮ್ಮ ಸೊಸಿ ಮುಂಜಾನೆಯಿಂದ ಸಂಜಿತನಕ ಫೋನ್ ಹಿಡಕೊಂಡು ಸೀರಿಯಲ್ ನೋಡ್ತಾಳ, ಅಕ್ಕನ ಸೊಸಿ ಬಸ್ ಹತ್ತಿ ಬಂದು ಅಂಗಡಿ ಉಳಿಸ್ಕೊಳ್ಳಾಕ ಒದ್ದಾಡ್ತಾಳ. ಇಂಥಾಕಿ ನನ್ನ ಪಾಲಿಗೆ ಬರ್ಲಿಲ್ಲಲ್ಲ, ಅಕ್ಕನ್ನ ನೋಡಿದ್ರ ನನಗ ಹೊಟ್ಟಿ ಉರೀತೈತಿ ಅಂದ್ರು.”

ಹಂಚಿನ ಮೇಲಿದ್ದ ರೊಟ್ಟಿ ಹಾಗೇ ಸೀದುಹೋಯಿತು.

“ಹೊಟ್ಟಿ ಉರೀತೈತಿ ಅಂದ್ಲಾ? ಸರಿಯಾಗಿ ನೆನಪು ಮಾಡ್ಕೊ. ಚಲೋ ಅನಸ್ತೈತಿ ಅಂದಿರ್ಬೇಕು.”

“ಇಲ್ರಿ. ಹೊಟ್ಟಿ ಉರೀತೈತಿ ಅಂತನ ಅಂದ್ರು. ಎದಿ ಮ್ಯಾಲ ಕೈ ಇಟ್ಕೊಂಡು.”

“ಅಯ್ಯ, ಮೊದಲ ಹೇಳಬಾರ್ದಾ?”

“ನೀವು ಬಾಯಿ ತೆಗ್ಯಾಕ ಬಿಟ್ರ ತಾನ?”

“ವಾಪಸ್ ತರಾಕ ಬರಂಗಿಲ್ಲೇನು ಅದನ್ನ?”

“ಅದರ ಜಾಗದಾಗ ಅಪ್‌ಡೇಟ್ ಕುಂತೈತಿ ಅತ್ತಿ. ಹೋದದ್ದು ಹೋತು.”

ಮದುವೆಯಾಗಿ ಬಂದಂದಿನಿಂದ ನಾನು ಯಾವ ಮಾತು ಕೇಳಬೇಕು ಎಂದು ಕಾದಿದ್ದೆನೋ, ಅದನ್ನು ಪಂಪಮ್ಮ ತಾನಾಗಿ ಕುಳಿತು, ಎದೆಯ ಮೇಲೆ ಕೈಯಿಟ್ಟು ಹೇಳಿದ್ದಳು. ಅದು ಬಸ್ಸು ಹತ್ತಿ ನನ್ನ ಮನೆಗೆ ಬರುವುದರಲ್ಲಿತ್ತು. ನಾನೇ ಫೋನಿನಲ್ಲಿ ಗಂಟಲು ಹರಿಯುವ ಹಾಗೆ ಕೂಗಿ ಅಳಿಸಿ ಹಾಕಿಸಿದೆ. ಡಬ್ಬಿಯಲ್ಲಿ ಜೋಪಾನವಾಗಿ ಉಳಿದದ್ದೇನು? ಹಪ್ಪಳದ ಜೊತೆ ನಾನು, ಗಾಡ್ರೇಜಿನ ಜೊತೆ ನಾನು, ಎಮ್ಮೆಯ ಜೊತೆ ನಾನು. ಇವನ್ನೆಲ್ಲ ನಾನು ದಿನಾ ನೋಡುತ್ತೇನೆ.

ಮಾರನೆಯ ದಿನ ರೇಣುಕಾಳಿಗೆ ಹೇಳಿ ನನ್ನದನ್ನೆಲ್ಲ ಅಳಿಸಿಸಿದೆ, ಎಮ್ಮೆ ಈದದ್ದೊಂದನ್ನು ಬಿಟ್ಟು. ಪಂಪಮ್ಮ ಅದನ್ನು ಪೂರ್ತಿ ನೋಡಬೇಕಲ್ಲ. ಉಳಿದ ಜಾಗವೆಲ್ಲ ಅವಳದು. ಜೊತೆಗೆ ನಿಜವಾದ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ತುಂಬಿ ಇಟ್ಟಿದ್ದೇನೆ. ಮುಂದಿನ ಸಲ ಹೋದಾಗ ಆ ಮಾತನ್ನು ಇನ್ನೊಂದು ಸಲ ಹೇಳಿಸು, ಬೆಳಕಿರುವ ಕಡೆ ಕೂರಿಸಿ ನಿಧಾನವಾಗಿ ಹೇಳಿಸು ಎಂದು ರೇಣುಕಾಳಿಗೆ ತಾಕೀತು ಮಾಡಿದ್ದೇನೆ. “ಹಂಗ ಹೇಳಿಸಿದ್ರ ಬರ್ತೈತೇನ್ರಿ ಅತ್ತಿ” ಎಂದು ಅವಳು ನಗುತ್ತಾಳೆ. ಬರದಿದ್ದರೆ ಇನ್ನೊಂದು ಸಲ ಹೋಗಲಿ. ಮೊನ್ನೆ ಅವಳು ಬ್ಯಾಂಕಿಗೆ ಹೋಗಿದ್ದಾಗ ನಮ್ಮ ಓಣಿಗೇ ಒಬ್ಬ ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದಿದ್ದ. ಅಮ್ಮಾ, ನಿಮ್ಮ ಅಂಗಡಿಗೂ ನೆಟ್ಟಿನ ಲೈನ್ ಎಳೆಯಲೇ, ಇನ್ನು ಎಲ್ಲಿಗೂ ಹೋಗುವ ಕಷ್ಟವಿಲ್ಲ ಅಂದ. ಕುಡಿಯುವುದಕ್ಕೆ ಮಜ್ಜಿಗೆ ಕೊಟ್ಟೆ, ಬಿಸಿಲು ಜೋರಿತ್ತು. ಇನ್ನೆರಡು ಅಪ್‌ಡೇಟು ಬಂದು ಹೋಗಲಿ, ಆಮೇಲೆ ಬಾ ಎಂದು ಹೇಳಿ ಕಳಿಸಿದೆ.